ಮಾದರಿ ಕೊಳದ ಜೊಂಡು

ಜೊಂಡು ಬೆಳೆಯುವುದು ಹೇಗೆ ಎಂದು ನನಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಕಲಿಸಿದರು. ಆರು ದಿನದ ತರಬೇತಿ, ಕೊನೆಗೊಂದು ಪರೀಕ್ಷೆ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ನಾನು ಸೊಂಟದ ತನಕ ನೀರಿನಲ್ಲಿ ನಿಂತು ಬೆಳೆದದ್ದು ಏನು ಎಂದು ಯಾರೂ ಹೇಳಲಿಲ್ಲ. ಬಹುಶಃ ಬರೀ ಹುಲ್ಲು. ಪುಸ್ತಕ ಬಂದ ಮೇಲೆ ಅದು ಜೊಂಡಾಯಿತು.

ಊರಿನ ಕೊನೆಯ ಬೀದಿ ಮುಗಿದಲ್ಲಿ ನಮ್ಮ ಮನೆಗಳು. ನಮ್ಮ ಮನೆಗಳು ಮುಗಿದಲ್ಲಿ ಜೌಗು. ಅದಕ್ಕೇ ಊರಿನವರು ನಮ್ಮನ್ನು ಕೆಸರಿನವರು ಎನ್ನುತ್ತಾರೆ. ಅಂಗಡಿಯವನು ಸಾಮಾನನ್ನು ನಮ್ಮ ಕೈಗೆ ಕೊಡುವುದಿಲ್ಲ, ಕಟ್ಟೆಯ ಮೇಲಿಟ್ಟು ಕೈ ಹಿಂದೆಳೆದುಕೊಳ್ಳುತ್ತಾನೆ. ಬಸ್ಸಿನಲ್ಲಿ ನಾವು ಕೂತರೆ ಪಕ್ಕದವರಿಗೆ ತಕ್ಷಣ ಇಳಿಯುವ ಜಾಗ ಬಂದುಬಿಡುತ್ತದೆ. ನಾವು ಹೆಣೆದ ಚಾಪೆಯ ಮೇಲೆ ಮಾತ್ರ ಎಲ್ಲರೂ ಕೈಕಾಲು ಚಾಚಿ ಮಲಗುತ್ತಾರೆ. ವಾಸನೆ ನಮಗಿದೆಯಂತೆ, ಚಾಪೆಗಿಲ್ಲವಂತೆ.

ಆ ಚಾಪೆಗೆ ಬೇಕಾದದ್ದು ಜೊಂಡು. ಆಳೆತ್ತರ ಬೆಳೆಯುವ ಹಸಿರು ಕಡ್ಡಿ, ಒಳಗೆ ಮೆತ್ತನೆಯ ಬೆಂಡು. ಅದನ್ನು ಬೆಳೆಯುವುದನ್ನು ಅತ್ತೆ ನನಗೆ ಬಾಯಿಯಿಂದ ಕಲಿಸಲಿಲ್ಲ. ಮದುವೆಯಾಗಿ ಬಂದ ಮೂರನೆಯ ದಿನ ನನ್ನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೀರಿಗೆ ಇಳಿಸಿದಳು. ಹಳೆಯ ಬುಡದಿಂದ ಗೇಣುದ್ದದ ಗೆಡ್ಡೆ ಕಿತ್ತು, ಅದರಲ್ಲಿ ಎರಡು ಮೂರು ಮೊಳಕೆ ಇದೆಯೇ ಎಂದು ಬೆರಳಲ್ಲೇ ತಡವಿ ನೋಡಿ, ಪಾದ ಮುಳುಗುವಷ್ಟೇ ನೀರಿರುವ ಕಡೆ ಕೆಸರಿನಲ್ಲಿ ಅಡ್ಡ ಮಲಗಿಸಬೇಕು. ಮಲಗಿಸಿ ಹಿಮ್ಮಡಿಯಿಂದ ಒತ್ತಬೇಕು. ಕೈಯಿಂದ ಒತ್ತಿದರೆ ಮರುದಿನ ತೇಲಿ ಬಂದು ನಮ್ಮನ್ನೇ ನೋಡಿ ನಗುತ್ತದೆ. ಮೊಳಕೆಯ ತುದಿ ನೀರಿನಿಂದಾಚೆ ಇಣುಕುತ್ತಿರಬೇಕು. ಗಿಡದಿಂದ ಗಿಡಕ್ಕೆ ಒಂದು ಮೊಳ. ಮೊದಲನೆಯ ವರ್ಷ ಕುಡುಗೋಲು ತಾಗಿಸುವಂತಿಲ್ಲ. ಎರಡನೆಯ ವರ್ಷ ಕೊಯ್ಯಬಹುದು, ಆದರೆ ನೀರಿನಿಂದ ಒಂದು ಗೇಣು ಮೇಲೆ. ಯಾಕೆಂದರೆ ಕೆಸರಿನ ಒಳಗಿರುವ ಬೇರಿಗೆ ಗಾಳಿ ಹೋಗುವುದು ಈ ಬೆಂಡಿನ ಮೂಲಕ. ನೀರಿನ ಕೆಳಗೆ ಕತ್ತರಿಸಿದರೆ ಬೆಂಡಿನೊಳಗೆ ನೀರು ತುಂಬಿ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಒಂದೇ ಒಂದು ಸಲ, ಬಂದ ಹೊಸದರಲ್ಲಿ, ಬೇಗ ಮುಗಿಸುವ ಆಸೆಗೆ ನಾನು ಒಂದು ಬುಡವನ್ನು ನೀರಿನ ಕೆಳಗೆ ಕತ್ತರಿಸಿದ್ದೆ. ಅತ್ತೆ ಎರಡು ವಾರ ಬಿಟ್ಟು ಆ ಬುಡವನ್ನು ಕಿತ್ತು ತಂದು ನನ್ನ ಮೂಗಿನ ಹತ್ತಿರ ಹಿಡಿದಳು. ಆ ನಾತ ಈಗಲೂ ಮೂಗಿನಲ್ಲಿದೆ.

ಇಷ್ಟನ್ನು ಕಲಿಯಲು ನನ್ನ ಕಾಲು ಕೊಟ್ಟಿದ್ದೇನೆ. ಹಿಮ್ಮಡಿಯ ಬಿರುಕಿನಲ್ಲಿ ಬೆರಳು ಇಡಬಹುದು. ಮೊಣಕಾಲಿನಿಂದ ಕೆಳಗೆ ಜಿಗಣೆ ಕಚ್ಚಿದ ಕಲೆ, ಎಣಿಸಲು ಹೋದರೆ ಸಂಜೆಯಾಗುತ್ತದೆ. ಎರಡು ಹೆರಿಗೆಗೂ ಹಿಂದಿನ ದಿನದ ತನಕ ನೀರಿನಲ್ಲೇ ಇದ್ದೆ. ಒದ್ದೆ ಹೊರೆ ತಲೆಯ ಮೇಲೆ ಹೊತ್ತು ದಡ ಹತ್ತುವಾಗ ಕುತ್ತಿಗೆಯಲ್ಲಿ ಲಟ್ ಎನ್ನುತ್ತದಲ್ಲ, ಅದಕ್ಕೆ ಪುಸ್ತಕದಲ್ಲಿ ಯಾವ ಅಧ್ಯಾಯವೂ ಇಲ್ಲ.

ಪುಸ್ತಕ ಬರೆದವನಿಗೆ ನಾವು ಒಣಗಾಲು ಎಂದು ಹೆಸರಿಟ್ಟಿದ್ದೆವು. ಜೌಗು ರಕ್ಷಣೆಯ ಕಚೇರಿ ಎಂದು ಒಂದು ಬಂದಿತ್ತು. ಮೊದಲು ಸುತ್ತಲೂ ತಂತಿ ಬೇಲಿ ಹಾಕಿದರು. ಜೌಗನ್ನು ಯಾರಿಂದ ರಕ್ಷಿಸುತ್ತೀರಿ ಎಂದು ಕೇಳಿದರೆ, ಕೊಯ್ಯುವವರಿಂದ ಎಂದರು. ಆಮೇಲೆ ಈ ತಜ್ಞ ಬಂದ. ದೊಡ್ಡ ದೊಡ್ಡ ಕಡೆ ಓದಿದವನಂತೆ. ಮೂರು ದಿನ ನಮ್ಮ ಮನೆ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತ. ಕುರ್ಚಿಯನ್ನೂ ಅವನ ಕಡೆಯವರೇ ಹೊತ್ತು ತಂದಿದ್ದರು, ನಮ್ಮ ಮನೆಯ ಚಾಪೆಯ ಮೇಲೆ ಅವನು ಕೂರುವಂತಿರಲಿಲ್ಲ. ಅತ್ತೆ ನೆಲದ ಮೇಲೆ ಕೂತು ಚಾಪೆ ಹೆಣೆಯುತ್ತಲೇ ಎಲ್ಲವನ್ನೂ ಹೇಳಿದಳು. ಎಷ್ಟು ನೀರು, ಎಷ್ಟು ಕೆಸರು, ಯಾವಾಗ ನೆಡುವುದು, ಎಲ್ಲಿ ಕೊಯ್ಯುವುದು. ಅವನು ಬರೆದುಕೊಂಡ. ನೀರಿಗೆ ಇಳಿದು ನೋಡಿ ಎಂದು ಅತ್ತೆ ಕರೆದಾಗ, "ಇಲ್ಲಿಂದಾನೇ ಕಾಣುತ್ತೆ ಬಿಡಮ್ಮ" ಎಂದ.

ನಾಲ್ಕು ತಿಂಗಳಿಗೆ ಪುಸ್ತಕ ಬಂತು. ‘ಜೊಂಡು ಬೆಳೆಯುವ ವೈಜ್ಞಾನಿಕ ವಿಧಾನ’. ಮುಖಪುಟದಲ್ಲಿ ಅವನದೇ ಚಿತ್ರ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಒಣ ದಡದ ಮೇಲೆ ನಿಂತಿದ್ದ. ನನ್ನ ಓರಗಿತ್ತಿ ಏಳನೆಯ ತರಗತಿ ಓದಿದವಳು, ಅವಳು ಓದಿ ಹೇಳಿದಳು. ಅತ್ತೆ ಹೇಳಿದ್ದೆಲ್ಲ ಇತ್ತು. ಅತ್ತೆ ಮಾತ್ರ ಇರಲಿಲ್ಲ. ಮತ್ತು ಒಂದೇ ಒಂದು ಕಡೆ ಬದಲಾಗಿತ್ತು. ಕೊಯ್ಯುವುದು ನೀರಿನಿಂದ ಒಂದು ಗೇಣು ಕೆಳಗೆ ಎಂದಿತ್ತು.

ಅಚ್ಚಿನ ತಪ್ಪಿರಬೇಕು ಎಂದುಕೊಂಡು ಅತ್ತೆ ಕಚೇರಿಗೆ ಹೋದಳು, ನಾನೂ ಜೊತೆಗೆ ಹೋದೆ. ಬಾಗಿಲಲ್ಲಿ ಪೈಪು ಹಿಡಿದು ನಮ್ಮ ಕಾಲು ತೊಳೆಸಿದರು. ಒಣಗಾಲು ತಪ್ಪಲ್ಲ ಎಂದ.

"ನೋಡಮ್ಮ, ಇಲ್ಲಿ ಪ್ರವಾಸಿಗರು ಬರ್ತಾರೆ. ದೋಣಿ ಬಿಡ್ತೀವಿ. ನೀರಿನ ಮೇಲೆ ಮೋಟು ಕಡ್ಡಿಗಳು ನಿಂತಿದ್ರೆ ನೋಡೋಕೆ ಚೆನ್ನಾಗಿರುತ್ತಾ? ಕೊಯ್ಯೋ ಯಂತ್ರ ಬೇರೆ ಬರ್ತಿದೆ. ಅದರ ಕತ್ತರಿ ಇರೋದೇ ನೀರಿನ ಕೆಳಗೆ."

"ಬೇರು ಕೊಳೆತು ಸಾಯುತ್ತೆ ಸ್ವಾಮಿ" ಎಂದಳು ಅತ್ತೆ.

"ಅದು ನಿಮ್ಮ ನಂಬಿಕೆ."

ಹೊರಗೆ ಬಂದು ಅತ್ತೆ ಹೇಳಿದಳು, "ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ. ಇವನಿಗೆ ಕೊಳೆತ ವಾಸನೆನೂ ಗೊತ್ತಿಲ್ಲ."

ಆಮೇಲೆ ಬೇಲಿಯ ಗೇಟಿಗೆ ಬೋರ್ಡು ಬಿತ್ತು. ತರಬೇತಿ ಪಡೆದು ಪಾಸು ತೆಗೆದುಕೊಂಡವರು ಮಾತ್ರ ಒಳಗೆ ಹೋಗಬೇಕು. ನಮ್ಮ ಬೀದಿಯಿಂದ ಹದಿಮೂರು ಹೆಂಗಸರನ್ನು ತರಬೇತಿಗೆ ಆರಿಸಿದರು. ಗಂಡಸರು ಯಾಕಿಲ್ಲ ಎಂದರೆ, ನಮ್ಮಲ್ಲಿ ನೀರಿಗೆ ಇಳಿಯುವವರು ಹೆಂಗಸರು, ಚಾಪೆ ಹೊತ್ತು ಊರೂರು ಸುತ್ತುವವರು ಗಂಡಸರು. ಪುಸ್ತಕ ನೋಡಿ ನಕ್ಕವರಲ್ಲಿ ನನ್ನ ಗಂಡನೂ ಒಬ್ಬ. ಪಾಸಿಲ್ಲದೆ ಜೊಂಡಿಲ್ಲ, ಜೊಂಡಿಲ್ಲದೆ ಹೊರಲು ಚಾಪೆಯಿಲ್ಲ ಎಂದು ತಿಳಿದ ದಿನ ಅವನ ನಗು ನಿಂತಿತು.

ತರಬೇತಿಯ ಕೋಣೆಯ ಗೋಡೆಗಳ ತುಂಬ ನಮ್ಮ ಚಾಪೆಗಳನ್ನು ಚೌಕಟ್ಟು ಹಾಕಿ ತೂಗುಹಾಕಿದ್ದರು. ನಮ್ಮನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಕೂರಿಸಿದರು. ಕೆಸರು ತಾಗಿದರೆ ಒರೆಸಲು ಸುಲಭವಂತೆ. ಹಿಂದಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಬರೆಸಿದ್ದರು. ಓರಗಿತ್ತಿ ಅದನ್ನು ಓದಿದಾಗ ಅತ್ತೆ ಕೇಳಿದಳು, "ಯಾರ ಕೈ, ಯಾರ ಬಾಯಿ ಅಂತ ಬರೆದಿಲ್ವಾ?"

ನೆಡುವುದನ್ನು ಅಭ್ಯಾಸ ಮಾಡಿಸಲು ಪ್ಲಾಸ್ಟಿಕ್ ಟಬ್ಬು ತಂದಿದ್ದರು. ಟಬ್ಬಿನಲ್ಲಿ ಮರಳು. ಮರಳಿನಲ್ಲಿ ನೆಡಲು ಪ್ಲಾಸ್ಟಿಕ್ ಜೊಂಡು. ನಿಜವಾದದ್ದು ಬೇಲಿಯಾಚೆ ಐವತ್ತು ಹೆಜ್ಜೆಯಲ್ಲಿತ್ತು, ಆದರೆ ನಮಗೆ ಇನ್ನೂ ಪಾಸು ಸಿಕ್ಕಿರಲಿಲ್ಲವಲ್ಲ. ಅರವತ್ತಾರು ವರ್ಷದ ಅತ್ತೆ ಪ್ಲಾಸ್ಟಿಕ್ ಕಡ್ಡಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಮೇಲ್ವಿಚಾರಕ ಸೀಟಿ ಊದಿದ. ಅವನ ಕೊರಳಲ್ಲಿ ಯಾವಾಗಲೂ ಒಂದು ಸೀಟಿ ನೇತಾಡುತ್ತಿತ್ತು, ಅದೇ ಅವನ ಹೆಸರಾಯಿತು.

"ಏಯ್ ಅಜ್ಜಿ, ಆಟ ಆಡ್ಬೇಡ. ನೆಡು."

ಅತ್ತೆ ನೆಟ್ಟಳು. ಹಿಮ್ಮಡಿಯಿಂದ ಒತ್ತಿದಳು. ಟಬ್ಬು ಒಡೆಯಿತು.

ಆರನೆಯ ದಿನ ಪರೀಕ್ಷೆ. ಒಬ್ಬೊಬ್ಬರನ್ನೇ ಕರೆದು ಬಾಯಲ್ಲಿ ಕೇಳಿದರು. ಮೊದಲು ಅತ್ತೆ. ನಾವೆಲ್ಲ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದೆವು.

"ಜೊಂಡನ್ನ ಎಲ್ಲಿ ಕೊಯ್ಯಬೇಕು?"

"ನೀರಿನಿಂದ ಗೇಣು ಮೇಲೆ."

"ಪುಸ್ತಕದಲ್ಲಿ ಏನಿದೆ ಅದನ್ನ ಹೇಳಮ್ಮ."

"ಪುಸ್ತಕಕ್ಕೆ ಹೇಳಿದ್ದೇ ನಾನಲ್ವಾ. ಮೇಲೆ."

"ಕೊನೇ ಸಲ ಕೇಳ್ತೀನಿ."

"ಕೊನೇ ಸಲ ಹೇಳ್ತೀನಿ. ಮೇಲೆ."

ಅತ್ತೆ ಫೇಲಾದಳು. ಜೊಂಡು ಬೆಳೆಯಲು ಬರುವುದಿಲ್ಲ ಎಂದು ಕಾಗದದ ಮೇಲೆ ಬರೆದು ಕೊಟ್ಟರು.

ಆಮೇಲೆ ನನ್ನ ಸರದಿ. ಇದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರು, ಒಲೆಯಿತ್ತು, ಒಂದಾದರೂ ಪಾಸು ಇರಲಿ ಎಂದು ಗಂಡ ಬೆಳಗ್ಗೆ ಹೊರಡುವಾಗ ನನ್ನ ಮುಖವನ್ನು ನೋಡಿದ್ದ. ಕೆಳಗೆ ಎಂದೆ. ಒಣಗಾಲು ನಕ್ಕು, "ಜಾಣೆ" ಎಂದ. ಅಂದು ನನ್ನ ಕೊರಳಿಗೆ ಹಗ್ಗದಲ್ಲಿ ಪಾಸು ತೂಗುಹಾಕಿದರು. ದನದ ಕೊರಳಿಗೂ ಹೀಗೆಯೇ ಗಂಟೆ ಕಟ್ಟುತ್ತಾರೆ. ನನ್ನ ನಂತರದ ಹನ್ನೊಂದು ಜನವೂ ಕೆಳಗೆ ಎಂದರು. ನಾನು ದಾರಿ ತೋರಿಸಿದ್ದೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂರು ದಿನ ನಾನು ಬಡಿಸಿದ್ದನ್ನು ತಿನ್ನದೆ ತಾನೇ ಬಡಿಸಿಕೊಂಡಳು. ನಾಲ್ಕನೆಯ ದಿನ ಹೇಳಿದಳು, "ನೀನು ಸುಳ್ಳು ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ ಕಣೇ. ಹೊಟ್ಟೆಗಾಗಿ ಎಲ್ಲರೂ ಹೇಳ್ತಾರೆ. ಆದ್ರೆ ಅವನು ನಿಜ ಅಂತ ನಂಬ್ಕೊಂಡುಬಿಟ್ನಲ್ಲ, ಅದಕ್ಕೇನು ಮಾಡ್ತೀಯ?"

ಅವನು ನಂಬಿದ್ದೇನೋ ಸರಿ. ಕಚೇರಿಯ ಮುಂದೆ ಸಿಮೆಂಟಿನ ಒಂದು ಕೊಳ ಕಟ್ಟಿಸಿದ. ಮಾದರಿ ಕೊಳ. ಸಿಮೆಂಟಿನ ಮೇಲೆ ಗೇಣಷ್ಟು ಕೆಸರು ಹಾಕಿಸಿ, ಜೌಗಿನಿಂದ ಆಳೆತ್ತರದ ಬುಡಗಳನ್ನು ಬೇರುಸಹಿತ ಎತ್ತಿಸಿ ತಂದು ಅಲ್ಲಿ ನೆಡಿಸಿದ. ಎರಡು ತಿಂಗಳು ಹಸಿರಾಗಿಯೇ ನಿಂತವು. ಆಮೇಲೆ ಪುಸ್ತಕದ ಪ್ರಕಾರ ನೀರಿನ ಕೆಳಗೆ ಕೊಯ್ಯಿಸಿದ. ಕೊಯ್ದದ್ದು ನಾವೇ, ಹನ್ನೆರಡು ಪಾಸುಗಳು. ಮುಳುಗಿ ಮುಳುಗಿ ಕೊಯ್ದೆವು, ಕಿವಿಗೆಲ್ಲ ನೀರು ಹೋಯಿತು. ನೀರು ಕನ್ನಡಿಯ ಹಾಗೆ ಚೊಕ್ಕಟವಾಯಿತು. ಒಣಗಾಲು ದಡದಲ್ಲಿ ನಿಂತು ಚಿತ್ರ ತೆಗೆಸಿಕೊಂಡ. ಇನ್ನು ಹದಿನೈದು ದಿನಕ್ಕೆ ಹೊಸ ಚಿಗುರು ಬರುತ್ತದೆ, ತಿಂಗಳಿಗೆ ಆಳೆತ್ತರ ಎಂದ.

ಹನ್ನೆರಡನೆಯ ದಿನ ನಾತ ಶುರುವಾಯಿತು. ಇಪ್ಪತ್ತನೆಯ ದಿನ ಕಚೇರಿಯ ಕಿಟಕಿಗಳನ್ನೆಲ್ಲ ಮುಚ್ಚಿದರು. ನೀರು ಕಪ್ಪಾಗಿ ಗುಳ್ಳೆ ಏಳತೊಡಗಿತು. ಗೆಡ್ಡೆಗಳು ಬೆರಳಿಗೆ ಸಿಕ್ಕರೆ ಹಿಟ್ಟಿನ ಹಾಗೆ ಕಲಸಿಹೋಗುತ್ತಿದ್ದವು. ನಮ್ಮಿಂದಲೇ ಎತ್ತಿಸಿ ಹೊರಗೆ ಸುರಿಸಿದರು. ಕೆಸರಿನ ಸಮೇತ ಬಾಚಿ, ಸಿಮೆಂಟು ಉಜ್ಜಿ ತೊಳೆದೆವು. ವಾಂತಿ ಮಾಡಿಕೊಂಡವರಿಗೆ ಸೀಟಿ, "ಪ್ರಮಾಣಪತ್ರ ತಗೊಂಡೋರು ಹೀಗೆ ಮಾಡಬಾರದು" ಎಂದ.

ಇಷ್ಟಕ್ಕೆ ಮುಗಿದಿದ್ದರೆ ಒಂದು ಕೊಳ ಸತ್ತಿತು ಎಂದು ಸುಮ್ಮನಾಗುತ್ತಿದ್ದೆವು. ಆದರೆ ಅದಾಗಿ ಹತ್ತು ದಿನಕ್ಕೆ ದೊಡ್ಡವರು ಬರುವವರಿದ್ದರು. ರಾಜಧಾನಿಯಿಂದ, ಒಣಗಾಲಿಗೂ ಮೇಲಿನವರೊಬ್ಬರು. ಮಾದರಿ ಕೊಳವನ್ನು ನೋಡಿ, ಮೆಚ್ಚಿ, ಹಸಿರು ಬಾವುಟ ಬೀಸುತ್ತಾರೆ. ಬಾವುಟ ಬೀಸಿದ ಕೂಡಲೇ ಯಂತ್ರದ ದೋಣಿ ಜೌಗಿಗೆ ಇಳಿಯುತ್ತದೆ. ಇಡೀ ಜೌಗನ್ನು ಎರಡೇ ದಿನದಲ್ಲಿ ನೀರಿನ ಕೆಳಗೆ ಕೊಯ್ದು ಮುಗಿಸುತ್ತದೆ. ಯಂತ್ರ ಆಗಲೇ ಬಂದು ದಡದಲ್ಲಿ ನಿಂತಿತ್ತು, ಅದರ ಕತ್ತರಿಗೆ ಎಣ್ಣೆ ಹಚ್ಚಿದ್ದರು. ಕೊಳದಲ್ಲಿ ಆದದ್ದು ಜೌಗಿನಲ್ಲೂ ಆದರೆ ಹೆಣೆಯಲು ಮುಂದಿನ ವರ್ಷ ಕಡ್ಡಿಯಿಲ್ಲ, ಅದರ ಮುಂದಿನ ವರ್ಷವೂ ಇಲ್ಲ. ನಾತ ಬೀದಿಗೆಲ್ಲ. ಆಗ ಊರಿನವರು ಮೂಗು ಮುಚ್ಚಿಕೊಂಡು ನಮ್ಮ ಕಡೆಯೇ ಕೈ ತೋರಿಸುತ್ತಾರೆ.

ಖಾಲಿ ಕೊಳವನ್ನು ದೊಡ್ಡವರಿಗೆ ತೋರಿಸುವ ಹಾಗಿಲ್ಲ. ಹಸಿ ಕಡ್ಡಿ ತಂದು ನಿಲ್ಲಿಸಿ ನೋಡಿದರು, ಸಿಮೆಂಟಿನಲ್ಲಿ ನಿಲ್ಲಲಿಲ್ಲ. ಇಟ್ಟಿಗೆ ಕಟ್ಟಿದರು, ವಾಲಿತು. ತಂತಿ ಬಿಗಿದರು, ತಂತಿ ಕಂಡಿತು. ಕೊನೆಗೆ ಸೀಟಿಯ ತಲೆಗೆ ಹೊಳೆಯಿತು. ಕಡ್ಡಿ ಹಿಡಿದುಕೊಂಡು ನಿಲ್ಲುವುದಕ್ಕೆ ಹನ್ನೆರಡು ಪಾಸುಗಳು ಇವೆಯಲ್ಲ!

"ಕುತ್ತಿಗೆ ಮಟ್ಟ ನೀರಲ್ಲಿ ಕೂತ್ಕೋಬೇಕು. ತಲೆಗೆ ಹಸಿರು ಬಟ್ಟೆ. ಎರಡೂ ಕೈಯಲ್ಲಿ ಕಡ್ಡಿ ಕಟ್ಟು ನೆಟ್ಟಗೆ ಹಿಡೀಬೇಕು. ಎರಡು ಗಂಟೆ, ಅಷ್ಟೇ."

"ಇದರಲ್ಲಿ ನಮಗೆ ಏನಂತ ಹೆಸರು?" ನಾನು ಕೇಳಿದೆ.

"ಜೊಂಡು" ಎಂದ ಸೀಟಿ. ಅವನು ತಮಾಷೆ ಮಾಡುತ್ತಿರಲಿಲ್ಲ.

ಎರಡು ದಿನ ಅಭ್ಯಾಸ ಮಾಡಿಸಿದರು. ನಿಜವಾದ ಜೊಂಡು ಗಾಳಿಗೆ ಬಾಗುತ್ತದೆ, ನಾವು ಗೂಟದ ಹಾಗೆ ಹಿಡಿದಿದ್ದೇವೆ ಎಂದು ಒಣಗಾಲು ಆಕ್ಷೇಪಿಸಿದ. ಅದಕ್ಕೂ ನಿಯಮವಾಯಿತು. ಗಾಳಿ ಬಂದಾಗ ಅಲ್ಲಾಡಿಸಬೇಕು. ಒಂದು ಸೀಟಿಗೆ ಎಡಕ್ಕೆ, ಎರಡು ಸೀಟಿಗೆ ಬಲಕ್ಕೆ. ಮುದುಕಿಯೊಬ್ಬಳು ತಪ್ಪಿ ಬಲಕ್ಕೆ ಬಾಗಿಸಿದಾಗ, "ಗಾಳಿ ಆ ಕಡೆಯಿಂದ ಬರ್ತಿದೆ, ಕಣ್ಣು ಕಾಣಲ್ವಾ?" ಎಂದು ಸೀಟಿ ಕೂಗಿದ. ಗಾಳಿಯೇ ಇರಲಿಲ್ಲ.

ಹಿಂದಿನ ಸಂಜೆ ಓರಗಿತ್ತಿ ನನ್ನ ಹತ್ತಿರ ಬಂದಳು. ಅವಳಿಗೆ ಮುಟ್ಟಾಗಿತ್ತು.

"ಅಕ್ಕಾ, ನಾಳೆ ಒಂದು ದಿನ ಬಿಡಿ ಅಂತ ಕೇಳ್ದೆ. ಪಾಸು ವಾಪಸ್ ಕೊಡು ಅಂದ ಸೀಟಿ. ಏನ್ಮಾಡ್ಲಿ?"

"ಕಾರಣ ಹೇಳ್ದ್ಯಾ?"

"ಹೇಳ್ದೆ. ನೀರಿಗೆ ಇಳಿದ ಮೇಲೆ ಚಳಿಯೇನು ಮಳೆಯೇನು ಅಂತ ಗಾದೆ ಹೇಳಿ ನಕ್ಕ." ಅವಳ ಕಣ್ಣು ತುಂಬಿತ್ತು. "ನೀನು ಮಾತ್ರ ನಾಳೆ ಏನೂ ಮಾಡ್ಬೇಡ ಅಕ್ಕಾ. ನಿನ್ ಮುಖ ನೋಡಿದ್ರೆ ಭಯ ಆಗುತ್ತೆ. ಅವರ ಹತ್ರ ನಾವು ಏನ್ ಗೆಲ್ಲೋಕಾಗುತ್ತೆ?"

ಏನೂ ಮಾಡುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ. ಕೊಡುವಾಗ ನಿಜವಾಗಿಯೇ ಕೊಟ್ಟಿದ್ದೆ.

ಬೆಳಗ್ಗೆ ಒಂಬತ್ತಕ್ಕೆ ನೀರಿಗೆ ಇಳಿಸಿದರು. ಮುಂದಿನ ಸಾಲಿನಲ್ಲಿ ಆರು ಜನ, ಹಿಂದೆ ಆರು ಜನ. ದೊಡ್ಡವರು ಹನ್ನೊಂದಕ್ಕೆ ಬರಬೇಕಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು. ಸಿಮೆಂಟಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ತೊಡೆ ಜೋಮು ಹಿಡಿಯಿತು. ಭುಜ ಉರಿಯತೊಡಗಿತು. ಕಡ್ಡಿಯ ಕಟ್ಟು ಒಂದೊಂದು ಗಂಟೆಗೂ ಭಾರವಾಗುತ್ತದೆ, ಇದನ್ನೂ ಪುಸ್ತಕದಲ್ಲಿ ಸೇರಿಸಿಕೊಳ್ಳಲಿ. ಮುದುಕಿ ಮೂತ್ರಕ್ಕೆ ಹೋಗಬೇಕು ಎಂದಳು. ಅಲ್ಲೇ ಮಾಡು ಎಂದ ಸೀಟಿ. ಅವಳು ಮಾಡಿದಳು. ನಾವೆಲ್ಲ ಆ ನೀರಿನಲ್ಲೇ ಕೂತಿದ್ದೆವು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನನ್ನ ಪಕ್ಕದಲ್ಲಿ ಓರಗಿತ್ತಿಯ ಹಲ್ಲು ಕಟಕಟ ಎನ್ನುತ್ತಿತ್ತು. ಅವಳ ಸುತ್ತ ನೀರಿನಲ್ಲಿ ಒಂದು ತೆಳು ಕೆಂಪು ಎಳೆ ಬಿಚ್ಚಿಕೊಳ್ಳುವುದು ನನಗೆ ಕಾಣಿಸಿತು. ಅವಳು ಅದನ್ನು ಮೊಣಕೈಯಿಂದ ಕಲಕಿ ಕಲಕಿ ಅಳಿಸುತ್ತಿದ್ದಳು.

ಕಚೇರಿ ಅಂಗಳದ ಬೇಲಿಯ ಆಚೆ ನಮ್ಮ ಬೀದಿಯವರು ನಿಂತಿದ್ದರು. ಅವರ ಮುಂದೆ ಅತ್ತೆ. ಕಡ್ಡಿಗಳ ಸಂದಿಯಿಂದ ನನ್ನನ್ನು ಹುಡುಕುತ್ತಿದ್ದಳು.

ಒಂದು ಗಂಟೆಗೆ ಕಾರುಗಳು ಬಂದವು. ಹಾರ ಹಾಕಿದರು. ಒಣಗಾಲು ಮೈಕು ಹಿಡಿದ. ಮಂತ್ರಕ್ಕಿಂತ ಉಗುಳೇ ಜಾಸ್ತಿ ಎನ್ನುವಂಥ ಭಾಷಣ. ಕೆಸರಿನ ಜನರಿಗೆ ವಿಜ್ಞಾನ ಕಲಿಸಿದ ಕಥೆ ಹೇಳಿದ. ಸೀಟಿ ಒಂದು ಸಲ ಊದಿದ. ನಾವು ಎಡಕ್ಕೆ ಬಾಗಿದೆವು.

"ಆಹಾ" ಎಂದರು ದೊಡ್ಡವರು. "ಎಷ್ಟು ಚೆನ್ನಾಗಿ ತೂಗಾಡ್ತಿವೆ ನೋಡಿ! ಕೊಯ್ದು ಎಷ್ಟು ದಿನ ಆಯ್ತು?"

"ಒಂದು ತಿಂಗಳು ಸಾರ್."

"ಅಷ್ಟರಲ್ಲೇ ಆಳೆತ್ತರ ಬಂದ್ವಾ?"

"ವಿಜ್ಞಾನ ಸಾರ್."

ಎರಡು ಸೀಟಿ. ಬಲಕ್ಕೆ ಬಾಗಿದೆವು. ದೊಡ್ಡವರು ಕೈ ಚಾಚಿದರು, ಯಾರೋ ಹಸಿರು ಬಾವುಟ ಕೊಟ್ಟರು. ಆ ಕಡೆ ದಡದಲ್ಲಿ ಯಂತ್ರದ ದೋಣಿ ಗುರ್ ಎಂದು ಶುರುವಾಯಿತು. ಅದಕ್ಕಾಗಿ ಜೌಗಿನ ಬೇಲಿಯ ದೊಡ್ಡ ಗೇಟನ್ನು ಅಂದು ಮೊದಲ ಸಲ ಪೂರ್ತಿ ತೆರೆದಿದ್ದರು.

ನಾನು ಎದ್ದು ನಿಂತೆ.

ಯೋಚನೆ ಮಾಡಿ ನಿಂತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಪರೀಕ್ಷೆಯಲ್ಲಿ ಕೆಳಗೆ ಎಂದ ನನ್ನ ಬಾಯಿಯ ಮೇಲೆ ನನಗೇ ಅಸಹ್ಯವಾಗಿತ್ತು. ಓರಗಿತ್ತಿ ನನ್ನ ಸೀರೆಯ ತುದಿ ಹಿಡಿದು ಎಳೆದದ್ದು ಗೊತ್ತಾಯಿತು. ಆದರೂ ಕಾಲು ನೆಟ್ಟಗಾಗಿಬಿಟ್ಟಿತು. ಜೋಮು ಹಿಡಿದ ಕಾಲು, ಒಂದು ಕ್ಷಣ ಬೀಳುವಂತಾಗಿ ನಿಂತೆ. ಮೈಯಿಂದ ನೀರು ಸುರಿಯುತ್ತಿತ್ತು, ತಲೆಯ ಮೇಲೆ ಹಸಿರು ಬಟ್ಟೆ, ಕೈಯಲ್ಲಿ ಕಡ್ಡಿಯ ಕಟ್ಟು.

ದೊಡ್ಡವರು ಬೆಚ್ಚಿಬಿದ್ದು ಆಮೇಲೆ ಚಪ್ಪಾಳೆ ತಟ್ಟಿದರು. "ಓಹೋ, ಸ್ವಾಗತ ನೃತ್ಯನಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಒಣಗಾಲು ಕೂಡ ತಟ್ಟಿದ, ಬೇರೆ ದಾರಿ ಇರಲಿಲ್ಲ. ಸೀಟಿ ಮಾತ್ರ ಒಂದೇ ಸಮನೆ ಊದತೊಡಗಿದ. ಪಾಪ, ಹಿಂದಿನ ಸಾಲಿನವರು ಎಡಕ್ಕೂ ಬಲಕ್ಕೂ ಬಾಗಿ ಬಾಗಿ ಸುಸ್ತಾದರು.

ನಾನು ಕೊಳದಿಂದ ಹತ್ತಿ ಕಟ್ಟನ್ನು ದೊಡ್ಡವರ ಕಾಲ ಹತ್ತಿರ ಹಾಕಿದೆ.

"ಬೇರು ತೋರ್ಸಿ ಸ್ವಾಮಿ."

"ಏನಮ್ಮ?"

"ಇದರಲ್ಲಿ ಬೇರು ಎಲ್ಲಿದೆ, ತೋರ್ಸಿ. ಬೆಳಗ್ಗೆ ಕುಯ್ದು ತಂದಿದ್ದು. ಒಂಬತ್ತು ಗಂಟೆಯಿಂದ ನಾವು ಹಿಡ್ಕೊಂಡು ಕೂತಿದ್ದೀವಿ. ಇಲ್ಲಿ ಬೆಳೆದಿದ್ದು ಪುಸ್ತಕದ ಪ್ರಕಾರ ಕೊಯ್ದು ಹನ್ನೆರಡು ದಿನಕ್ಕೆ ಕೊಳೀತು. ಆ ಕಿಟಕಿ ತೆಗೆಸಿ ಕೇಳಿ, ಯಾಕೆ ಮುಚ್ಚಿದ್ರಿ ಅಂತ."

"ಸಾರ್, ಈಕೆ ತರಬೇತಿಯಲ್ಲಿ ಫೇಲ್ ಆದವಳು" ಎಂದ ಒಣಗಾಲು.

ಕೊರಳಿನ ಪಾಸನ್ನು ಎತ್ತಿ ತೋರಿಸಿದೆ. "ಪಾಸಾದವಳು. ನೀರಿನ ಕೆಳಗೆ ಕೊಯ್ಯಬೇಕು ಅಂತ ಸುಳ್ಳು ಹೇಳಿ ಪಾಸಾದವಳು. ನಿಜ ಹೇಳಿದವಳು ಅಗೋ, ಬೇಲಿ ಹೊರಗೆ ನಿಂತಿದ್ದಾಳೆ. ಅವಳು ಫೇಲು."

ಹಿಂದೆ ನೀರು ಕಲಕಿದ ಸದ್ದಾಯಿತು. ತಿರುಗಿದೆ. ಓರಗಿತ್ತಿ ಎದ್ದು ನಿಂತಿದ್ದಳು. ಸೀರೆಯ ಕಲೆಯನ್ನು ಅವಳು ಮುಚ್ಚಿಕೊಳ್ಳಲಿಲ್ಲ. ಎಲ್ಲರೂ ನೋಡಲಿ ಎಂಬಂತೆ ಹಾಗೆಯೇ ನಿಂತಳು. ಮುದುಕಿ ಎದ್ದಳು. ಆಮೇಲೆ ಉಳಿದವರೆಲ್ಲ. ಹನ್ನೊಂದು ಕಟ್ಟುಗಳು ಕೈಯಿಂದ ಜಾರಿ ನೀರಿನ ಮೇಲೆ ಮಲಗಿದವು. ಮಾದರಿ ಕೊಳ ಒಂದು ನಿಮಿಷದಲ್ಲಿ ಬೋಳಾಯಿತು.

ದೊಡ್ಡವರು ಒಳ್ಳೆಯವರೇ ಇರಬೇಕು. ಅಥವಾ ಕ್ಯಾಮೆರಾಗಳಿದ್ದವು. ಒಣಗಾಲಿನ ಕೈಯಿಂದ ಮೈಕು ಕಿತ್ತು ನನ್ನ ಬಾಯಿಯ ಮುಂದೆ ಹಿಡಿದರು.

"ಹಾಗಾದ್ರೆ ನೀನೇ ಹೇಳಮ್ಮ. ಜೊಂಡು ಹೇಗೆ ಬೆಳೀಬೇಕು? ಎಲ್ಲಾ ಬಿಡಿಸಿ ಹೇಳು. ನಮ್ಮವರು ಬರ್ಕೋತಾರೆ."

ಒಣಗಾಲು ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದ. ಅದನ್ನು ನೋಡಿದೆ. ಇನ್ನೊಂದು ಪುಸ್ತಕ ಕಣ್ಣ ಮುಂದೆ ಬಂತು, ಇನ್ನೊಂದು ಮುಖಪುಟ.

"ಹೇಳಲ್ಲ" ಎಂದೆ.

ಮೈಕಿನಲ್ಲಿ ಅದು ಊರಿಗೆಲ್ಲ ಕೇಳಿಸಿತು.

"ಹೇಳಲ್ವಾ? ಯಾಕಮ್ಮ?"

"ಒಂದು ಸಲ ಹೇಳಿದ್ದಕ್ಕೆ ಬೇಲಿ ಬಂತು, ಪಾಸು ಬಂತು, ಯಂತ್ರ ಬಂತು. ಇನ್ನೊಂದು ಸಲ ಹೇಳಿದ್ರೆ ಏನ್ ಬರುತ್ತೋ ಯಾರಿಗೆ ಗೊತ್ತು! ಬೇಲಿ ತೆಗೀರಿ. ಬೆಳೆಯೋದು ನಾವು ನೋಡ್ಕೋತೀವಿ."

ಮೈಕನ್ನು ಅವರ ಕೈಗೇ ಕೊಟ್ಟು ಹೊರಟೆ. ಹನ್ನೆರಡು ಜನ ಒದ್ದೆ ಸೀರೆಯಲ್ಲಿ ಕಚೇರಿಯ ಅಂಗಳ ದಾಟಿದೆವು. ಹೊಸ ನೆಲಹಾಸಿನ ತುಂಬ ನಮ್ಮ ಪಾದದ ಗುರುತು. ಯಂತ್ರಕ್ಕಾಗಿ ತೆರೆದ ಗೇಟು ತೆರೆದೇ ಇತ್ತು. ನಾವು ಸೇರುವಷ್ಟರಲ್ಲಿ ಅತ್ತೆ ಆಗಲೇ ಒಳಗೆ ಹೋಗಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದೋಣಿಯ ಮುಂದೆ, ಜೊಂಡಿನ ನಡುವೆ, ಸೊಂಟದುದ್ದ ನೀರಿನಲ್ಲಿ ನಿಂತಿದ್ದಳು. ನಾವು ಅವಳ ಎರಡೂ ಕಡೆ ನಿಂತೆವು. ಬೀದಿಯವರೂ ಇಳಿದರು. ಅತ್ತೆ ನನ್ನ ತಲೆಯ ಹಸಿರು ಬಟ್ಟೆಯನ್ನು ಎಳೆದು, ಅದರಲ್ಲೇ ನನ್ನ ಮುಖ ಒರೆಸಿದಳು.

"ನಡಿ ಮುಂದೆ, ಏನ್ ನೋಡ್ತಿದ್ದೀಯ?" ಸೀಟಿ ದಡದಿಂದ ದೋಣಿಯವನಿಗೆ ಕೂಗಿದ.

ದೋಣಿಯವನು ಬೇರೆ ಊರಿನವನು. ನಮ್ಮನ್ನು ನೋಡಿದ, ಕತ್ತರಿಯನ್ನು ನೋಡಿದ, ಯಂತ್ರ ಆರಿಸಿದ. "ಹುಲ್ಲು ಕುಯ್ಯೋದಕ್ಕೆ ಟ್ರೈನಿಂಗ್ ಆಗಿದೆ ಸಾರ್. ಇದಕ್ಕಾಗಿಲ್ಲ."

ದೊಡ್ಡವರು ಬಾವುಟ ಹಿಡಿದುಕೊಂಡೇ ಕಾರು ಹತ್ತಿದರು. ಬೀಸಬೇಕೋ ಬೇಡವೋ ಎಂದು ಯಾರೂ ಅವರಿಗೆ ಹೇಳಲಿಲ್ಲ.

ಇವತ್ತಿಗೆ ಹದಿನೇಳು ದಿನ. ಯಂತ್ರ ದಡದಲ್ಲೇ ಇದೆ, ನಾವು ನೀರಿನಲ್ಲೇ ಇದ್ದೇವೆ. ಸರದಿ ಮಾಡಿಕೊಂಡಿದ್ದೇವೆ, ಬೆಳಗ್ಗೆ ಇಪ್ಪತ್ತು ಜನ, ಮಧ್ಯಾಹ್ನ ಇಪ್ಪತ್ತು ಜನ. ಗಂಡಸರೂ ಇಳಿಯಲು ಕಲಿತಿದ್ದಾರೆ, ನನ್ನ ಗಂಡ ಜಿಗಣೆ ಕಚ್ಚಿದರೆ ಈಗಲೂ ಕಿರುಚುತ್ತಾನೆ. ಸುಮ್ಮನೆ ನಿಲ್ಲುವುದು ನಮಗೆ ಬರುವುದಿಲ್ಲ. ನಿಂತಲ್ಲೇ ಕೊಯ್ಯುತ್ತೇವೆ, ಬಿಟ್ಟ ಜಾಗದಲ್ಲಿ ಗೆಡ್ಡೆ ನೆಡುತ್ತೇವೆ. ಮುಂದೆ ಏನಾಗುತ್ತದೋ ಗೊತ್ತಿಲ್ಲ. ಪೊಲೀಸರು ಬರುತ್ತಾರೆ ಎನ್ನುತ್ತಾರೆ. ಬರಲಿ.

ಇವತ್ತು ಬೆಳಗ್ಗೆ ಕಚೇರಿಯ ಜವಾನ ನೋಟಿಸು ತಂದಿದ್ದ. ಪ್ರಮಾಣಪತ್ರ ಇಲ್ಲದೆ ಜೌಗಿಗೆ ಇಳಿದದ್ದಕ್ಕೆ ಕಾರಣ ಕೇಳಿ. ದಡದ ಮೇಲೆ ನಿಂತು ಪೂರ್ತಿ ಓದಿದ. ಆಮೇಲೆ ತಲುಪಿದ್ದಕ್ಕೆ ಸಹಿ ಬೇಕು, ಯಾರಾದರೂ ಒಬ್ಬರು ಹೊರಗೆ ಬನ್ನಿ ಎಂದು ಕರೆದ. ಎರಡು ಸಲ ಕರೆದ. ನಾನು ಉತ್ತರ ಕೊಡುವ ಮೊದಲೇ ಓರಗಿತ್ತಿ ತಲೆ ಎತ್ತಿದಳು. ಅವಳ ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದರಲ್ಲಿ ಹಿಡಿ ತುಂಬ ಜೊಂಡು.

"ಕೈ ಖಾಲಿ ಇಲ್ಲಪ್ಪ" ಎಂದಳು. "ಕೊಯ್ಲು ನಡೀತಿದೆ."